ಮೂರನೇ ಬೋಗುಣಿ

ಆ ಓಣಿಯಲ್ಲಿ ಗಾಡಿ ರಿಪೇರಿ ಮಾಡುವವರು ಹದಿನೇಳು ಜನ. ಅವರಲ್ಲಿ ಹದಿನಾರು ಜನ ಎಲ್ಲ ಕೆಲಸವನ್ನೂ ಮಾಡುತ್ತಾರೆ. ಒಬ್ಬ ಮಾತ್ರ ಒಂದೇ ಕೆಲಸ ಮಾಡುತ್ತಾನೆ: ಮೋಟರ್ ಸೈಕಲ್ಲಿನ ಕಾರ್ಬ್ಯುರೇಟರ್ ತೊಳೆಯುತ್ತಾನೆ. ಎಂಜಿನ್ನಿಗೆ ಪೆಟ್ರೋಲನ್ನೂ ಗಾಳಿಯನ್ನೂ ಹದವಾಗಿ ಬೆರೆಸಿ ಕುಡಿಸುವ, ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ಲೋಹದ ಡಬ್ಬಿ ಅದು. ಅದನ್ನು ತೊಳೆಯಲು ಅವನಿಗೆ ಎರಡು ದಿನ ಬೇಕು. ಉಳಿದ ಹದಿನಾರು ಜನಕ್ಕೆ ಹತ್ತು ನಿಮಿಷ ಸಾಕು. ಬಚ್ಚಲು ತೊಳೆಯುವ ಆಸಿಡ್ಡಿನಲ್ಲಿ ಅದ್ದಿ ತೆಗೆದರೆ ಕಾರ್ಬ್ಯುರೇಟರ್ ಮದುಮಗನ ಹಾಗೆ ಹೊಳೆಯುತ್ತದೆ. ಮದುಮಗನ ಹಾಗೆಯೇ ಆ ಹೊಳಪು ಹೆಚ್ಚು ದಿನ ಬಾಳುವುದಿಲ್ಲ ಎನ್ನುವುದು ಬೇರೆ ಮಾತು.

ವ್ಯಾಪಾರದ ಕಣ್ಣಿನಿಂದ ನೋಡಿದರೆ ಹದಿನಾರು ಜನರದ್ದೇ ಸರಿ. ಮೂರು ತಿಂಗಳಲ್ಲಿ ಲೋಹ ಕಪ್ಪಿಟ್ಟು, ಒಳಗೆ ಬಿಳಿ ಪುಡಿ ಕಟ್ಟಿಕೊಂಡು, ಗಿರಾಕಿ ಗಾಡಿ ತಳ್ಳುತ್ತಾ ಮತ್ತೆ ಅಲ್ಲಿಗೇ ಬರುತ್ತಾನೆ. ಈತನ ಗಿರಾಕಿಯಾದರೆ ಹೋದವನು ಹೋದ ಹಾಗೆಯೇ. ತನ್ನ ಗಿರಾಕಿಗಳನ್ನು ತನ್ನ ಕೈಯಾರೆ ಓಡಿಸುವ ಇಂಥ ಅಂಗಡಿಕಾರನನ್ನು ಓಣಿ ಹಿಂದೆಂದೂ ಕಂಡಿರಲಿಲ್ಲ.

ಅವನನ್ನು ಎಲ್ಲರೂ ಕರೆಯುವುದು ಸೋಡಣ್ಣ ಎಂದು. ಟೈರ್ ಅಂಗಡಿಗೂ ಬ್ಯಾಟರಿ ಅಂಗಡಿಗೂ ನಡುವೆ, ಮೆಟ್ಟಿಲಿನ ಕೆಳಗೆ, ಎಂಟಡಿ ಅಗಲದ ಒಂದು ಗೂಡು ಅವನದು. ಮೇಜಿನ ಮೇಲೆ ಸಾಲಾಗಿ ನಾಲ್ಕು ಎನಾಮಲ್ ಬೋಗುಣಿಗಳು. ಮೊದಲನೆಯದರಲ್ಲಿ ಸೀಮೆಎಣ್ಣೆ, ಜಿಡ್ಡು ಬಿಡಿಸಲು. ಎರಡನೆಯದರಲ್ಲಿ ನಿಂಬೆರಸ ಹಿಂಡಿದ ಉಗುರುಬೆಚ್ಚಗಿನ ನೀರು. ಹಳೆ ಪೆಟ್ರೋಲು ಹಸಿರುಗಟ್ಟಿ ಕೂತ ಕಲೆ ಅದಕ್ಕೇ ಬಗ್ಗುವುದು, ಆದರೆ ಗೋಡೆ ಗಡಿಯಾರ ನೋಡಿಕೊಂಡು ಹತ್ತೇ ನಿಮಿಷ. ಮೂರನೆಯದರಲ್ಲಿ ಅಡುಗೆ ಸೋಡಾ ಕದಡಿದ ನೀರು. ನಿಂಬೆಯ ಹುಳಿ ಲೋಹದ ಸಂದುಗೊಂದುಗಳಲ್ಲಿ ಎಲ್ಲಾದರೂ ಅಡಗಿದ್ದರೆ ಅಲ್ಲಿ ಬುಸುಗುಟ್ಟಿಕೊಂಡು ಹೊರಗೆ ಬರುತ್ತದೆ. ಬುಸುಗುಟ್ಟುವುದು ನಿಲ್ಲುವ ತನಕ ಸೋಡಣ್ಣ ಕೂತಲ್ಲಿಂದ ಏಳುವುದಿಲ್ಲ. ನಾಲ್ಕನೆಯದರಲ್ಲಿ ಕುದಿಸಿದ ಶುದ್ಧ ನೀರು. ಆಮೇಲೆ ಟೈರ್ ಅಂಗಡಿಯ ಗಾಳಿ ಪೈಪು ಎಳೆದುಕೊಂಡು ಬಂದು ತೂತು ತೂತಿಗೂ ಊದಿ, ಬಿಳಿ ಬಟ್ಟೆ ಹಾಸಿ ಬಿಸಿಲಿಗೆ ಇಡುತ್ತಾನೆ. ಪೆಟ್ರೋಲು ಚಿಮ್ಮುವ ಹಿತ್ತಾಳೆಯ ಪುಟ್ಟ ಜೆಟ್ಟುಗಳಿಗೆ ಬೇರೆಯೇ ಬಟ್ಟಲು. ಅವುಗಳ ಸೂಜಿಗಣ್ಣಿಗೆ ತಂತಿ ತೂರಿಸಿದರೆ ಕಣ್ಣು ಅಗಲವಾಗುತ್ತದೆ ಎಂದು ಮೀನಿನ ಗಾಳದ ನೈಲಾನ್ ದಾರ ಇಟ್ಟುಕೊಂಡಿದ್ದಾನೆ.

ಈ ನಿಧಾನ ಹುಟ್ಟಿನಿಂದ ಬಂದದ್ದಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ದೊಡ್ಡ ವರ್ಕ್‌ಶಾಪೊಂದರಲ್ಲಿ ಕೆಲಸಕ್ಕಿದ್ದಾಗ, ಒಂದು ಶನಿವಾರ ಸಂಜೆ ಒಬ್ಬ ಮುದುಕರ ಕಾರ್ಬ್ಯುರೇಟರನ್ನು ಹಿತ್ತಾಳೆ ಸಮೇತ ಆಸಿಡ್ಡಿನ ಬಕೀಟಿನಲ್ಲಿ ಮುಳುಗಿಸಿ, ಸೋಮವಾರ ಬಂದು ತೆಗೆದರಾಯಿತು ಎಂದು ಮನೆಗೆ ಹೋಗಿದ್ದ. ಸೋಮವಾರ ಬಕೀಟಿನಲ್ಲಿ ಸಿಕ್ಕಿದ್ದು ಒದ್ದೆ ಬೂದಿಯಂಥ ಒಂದು ಗಡ್ಡೆ. ಮುದುಕರು ಬಯ್ಯಲಿಲ್ಲ. ಕರವಸ್ತ್ರ ಬಿಚ್ಚಿ ಅದನ್ನು ಸುತ್ತಿಕೊಂಡರು, ಅಂಗೈಯಲ್ಲಿ ಎರಡು ಸಲ ಎತ್ತಿ ಇಳಿಸಿ ತೂಕ ನೋಡಿದರು, ಹೊರಟು ಹೋದರು. ಬೈದಿದ್ದರೆ ಸೋಡಣ್ಣನೂ ಎಲ್ಲ ಕೆಲಸ ಮಾಡುವವರ ಪೈಕಿ ಒಬ್ಬನಾಗಿ ಆರಾಮವಾಗಿ ಇರುತ್ತಿದ್ದ. ಬಯ್ಯದೆ ಹೋದದ್ದಕ್ಕೆ ಹೀಗಾದ.

ನಿಧಾನ ಅಲ್ಲಿಂದ ಬೆಳೆಯುತ್ತಾ ಮೈಗೆಲ್ಲ ಹಬ್ಬಿತು. ಮೂವತ್ತರಲ್ಲಿ ಒಂದು ಸಂಬಂಧ ಬಂದಿತ್ತು. ಯೋಚನೆ ಮಾಡಿ ಹೇಳುತ್ತೇನೆ ಎಂದ. ಅವನ ಯೋಚನೆ ಮುಗಿಯುವಷ್ಟರಲ್ಲಿ ಹುಡುಗಿಗೆ ಎರಡನೇ ಮಗುವಾಗಿತ್ತು. ಈಗ ಐವತ್ತು. ಎರಡು ಕೋಣೆಯ ಮನೆಯಲ್ಲಿ ಅವನೂ ಅಕ್ಕನೂ. ಅಕ್ಕ ಟೆಲಿಫೋನ್ ಆಫೀಸಿನಲ್ಲಿ ಮೂವತ್ತು ವರ್ಷ ಊರವರ ಮಾತನ್ನೆಲ್ಲ ಒಬ್ಬರಿಂದ ಇನ್ನೊಬ್ಬರಿಗೆ ಜೋಡಿಸಿಕೊಟ್ಟು ನಿವೃತ್ತಳಾದವಳು. ಈಗ ಜೋಡಿಸಲು ಉಳಿದಿರುವುದು ತಮ್ಮನ ಮಾತು ಮಾತ್ರ, ಆ ಲೈನೋ ಯಾವಾಗಲೂ ಸತ್ತೇ ಇರುತ್ತದೆ.

ಹೀಗಿದ್ದವನ ಗೂಡಿನ ಮುಂದೆ, ಮೂರು ವರ್ಷದ ಹಿಂದೆ, ಹೊಲಿಗೆ ಮೆಷಿನ್ ರಿಪೇರಿ ಮಾಡುವಾಕೆ ಬಂದು ಗಾಡಿ ನಿಲ್ಲಿಸಿದಳು.

ವಯಸ್ಸು ನಲವತ್ತೈದರ ಆಚೀಚೆ. ಹಳೆಯ ಮೋಟರ್ ಸೈಕಲ್ಲು, ಹಿಂದಿನ ಕ್ಯಾರಿಯರಿಗೆ ಬೆಲ್ಟಿನಿಂದ ಬಿಗಿದ ಮರದ ಪೆಟ್ಟಿಗೆ. ಮನೆ ಮನೆಗೆ ಹೋಗಿ ಸೂಜಿ ಮುರಿದದ್ದು, ದಾರ ತುಂಡಾಗುವುದು, ಪೆಡಲ್ ಕಿರುಗುಟ್ಟುವುದು ಎಲ್ಲ ಸರಿಮಾಡುತ್ತಿದ್ದಳು. ಗಂಡ ಬಿಟ್ಟು ಹೋಗಿ ಹನ್ನೆರಡು ವರ್ಷ. ಅವನನ್ನು ರಿಪೇರಿ ಮಾಡುವ ಯೋಚನೆ ಬರಲಿಲ್ಲ ಎಂದು ಆಕೆಯೇ ಮುಂದೊಂದು ದಿನ ಹೇಳಿದ್ದಳು. ಕಾರ್ಬ್ಯುರೇಟರ್ ಯಾರದೋ ಆಸಿಡ್ಡು ಕುಡಿದು ಕಪ್ಪಗಾಗಿತ್ತು.

"ಬಿಟ್ಟು ಹೋಗಿ, ನಾಳಿದ್ದು ಬನ್ನಿ" ಎಂದ ಸೋಡಣ್ಣ.

"ಕೂತ್ಕೊಂಡು ನೋಡಬಹುದಾ?"

"ನೋಡೋಕೆ ಏನಿದೆ?"

"ನನ್ನ ಕೆಲಸಕ್ಕೂ ಜನ ಹಿಂಗೇ ಅಂತಾರೆ. ಏನೋ ಒಂದು ಇದ್ದೇ ಇರುತ್ತೆ."

ಕೂತಳು. ಒಂದೂವರೆ ಗಂಟೆ ಮಿಸುಕಾಡಲಿಲ್ಲ. ಆಕೆಯ ಉಗುರಿನ ಸಂದಿನಲ್ಲೂ ತನ್ನದರ ಹಾಗೆಯೇ ಎಣ್ಣೆಯ ಕಪ್ಪು ಗೆರೆ ಇರುವುದನ್ನು ಸೋಡಣ್ಣ ನೋಡಿದ. ನೋಡಿದ್ದು ಗೊತ್ತಾಗಬಾರದೆಂದು ಗಡಿಯಾರ ನೋಡಿದ.

"ಹಿತ್ತಾಳೇನ ಯಾಕೆ ಬೇರೆ ಕೂರಿಸಿದ್ದೀರಿ? ಜಗಳಾನಾ?" ಎಂದು ಕೇಳಿದಳು.

ಇಪ್ಪತ್ತೈದು ವರ್ಷದಲ್ಲಿ ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. "ಒಂದೇ ನೀರಲ್ಲಿ ಹಾಕಿದ್ರೆ ಹಿತ್ತಾಳೆ ಸುಮ್ಮನೆ ಇರುತ್ತೆ. ಈ ಬಿಳಿ ಲೋಹ ಮಾತ್ರ ಸವೀತಾ ಹೋಗುತ್ತೆ" ಎಂದ.

"ಒಬ್ಬರು ಸುಮ್ಮನೆ ಇರೋದು, ಇನ್ನೊಬ್ಬರು ಸವೆಯೋದು. ಎಷ್ಟೋ ಮನೇಲಿ ನೋಡಿದ್ದೀನಿ ಬಿಡಿ."

ಸೋಡಣ್ಣ ನಕ್ಕ. ಪಕ್ಕದ ಟೈರ್ ಅಂಗಡಿಯವನು ಗಾಳಿ ತುಂಬುತ್ತಿದ್ದ ಟ್ಯೂಬನ್ನು ಬಿಟ್ಟು ಎದ್ದು ಬಂದು ಇಣುಕಿದ. ಆ ಗೂಡಿನಿಂದ ನಗು ಬರುವುದೆಂದರೆ ಏನೋ ಸೋರಿರಬೇಕು ಎಂದುಕೊಂಡಿದ್ದನಂತೆ.

ಮೂರನೇ ದಿನ ಗಾಡಿ ಒಯ್ಯಲು ಬಂದಾಗ ಆಕೆ ಹೇಳಿದ ಒಂದು ಮಾತು ಸಂಜೆ ಮನೆಯಲ್ಲಿ ಬಹಳ ದೊಡ್ಡ ವಿಷಯವಾಯಿತು. ಓಣಿಗೆ ಓಣಿಯೇ ಅಣ್ಣ ಎನ್ನುವಾಗ ಆಕೆ ಮಾತ್ರ "ಬರ್ತೀನಿ ಸೋಡಾ ಅವರೇ" ಎಂದಿದ್ದಳು.

"ಅಣ್ಣ ಅನ್ನಲಿಲ್ವಾ?" ಅಕ್ಕ ಸೌಟು ಹಿಡಿದುಕೊಂಡೇ ಅಡುಗೆ ಮನೆಯಿಂದ ಬಂದಳು. "ಸರಿಯಾಗಿ ಕೇಳಿಸ್ಕೊಂಡ್ಯಾ?"

"ಅದರಲ್ಲಿ ಏನಿದೆ ಅಕ್ಕ?"

"ಮೂವತ್ತು ವರ್ಷ ಜನರ ಫೋನು ಕದ್ದು ಕೇಳಿದವಳು ನಾನು. ಏನಿದೆ ಅಂತ ನನಗೆ ಹೇಳಿಕೊಡಬೇಡ."

ಅಲ್ಲಿಂದ ಶುರುವಾಯಿತು ಕಾಯುವುದು. ಮತ್ತೆ ಆಕೆ ಬಂದದ್ದು ಒಂಬತ್ತು ತಿಂಗಳ ಮೇಲೆ. ಆಮೇಲೆ ಒಂದು ವರ್ಷಕ್ಕೆ. ಲೆಕ್ಕ ಬಲ್ಲವರಿಗೆ ಇಲ್ಲಿಯೇ ಯಾತನೆ ಕಾಣಿಸಬೇಕು: ಅವನು ಎಷ್ಟು ಚೆನ್ನಾಗಿ ತೊಳೆದನೋ ಆಕೆ ಅಷ್ಟು ತಡವಾಗಿ ಬಂದಳು. ನಡುವಿನ ತಿಂಗಳುಗಳಲ್ಲಿ ಓಣಿಯ ತಿರುವಿನಲ್ಲಿ ಆ ಜಾತಿಯ ಎಂಜಿನ್ನಿನ ಸದ್ದು ಕೇಳಿದರೆ ಸೋಡಣ್ಣನ ಕೈ ಬೋಗುಣಿಯಲ್ಲೇ ನಿಲ್ಲುತ್ತಿತ್ತು. ಪ್ರತಿ ಸಲವೂ ಬರುತ್ತಿದ್ದವನು ಹಾಲಿನ ಕ್ಯಾನಿನವನು. ಪಾಪ, ತನ್ನನ್ನು ನೋಡಿದ ಕೂಡಲೇ ಸೋಡಣ್ಣನ ಮುಖ ಯಾಕೆ ಬೀಳುತ್ತದೆ ಎಂದು ಆ ಹಾಲಿನವನಿಗೆ ಕೊನೆಯವರೆಗೂ ತಿಳಿಯಲಿಲ್ಲ.

"ಹಿಂಗೆ ತೊಳೀತಾ ಇದ್ರೆ ಆಯಮ್ಮ ಇನ್ನು ಬರೋದು ನಿನ್ನ ಫೋಟೋಗೆ ಹಾರ ಹಾಕೋಕೇ ಕಣಯ್ಯ" ಎಂದ ಟೈರ್ ಅಂಗಡಿಯವನು. "ಒಂದು ಸಲ ಸೋಡಾ ಮರೆತುಬಿಡು. ಒಳಗೆ ಒಂದು ತೊಟ್ಟು ಹುಳಿ ಇದ್ರೆ ಸಾಕು, ತಾನೇ ಪುಡಿ ಕಟ್ಟುತ್ತೆ, ಮೂರು ತಿಂಗಳಿಗೆ ಗಾಡಿ ನಿನ್ನ ಬಾಗಿಲಲ್ಲಿರುತ್ತೆ. ಇದೇನು ಪಾಪ ಅಲ್ಲ, ವ್ಯಾಪಾರ."

ಸೋಡಣ್ಣ ಬೇರೆ ದಾರಿ ಹುಡುಕಿದ. ಒಂದು ಸಂಜೆ ಊಟದ ನಡುವೆ, ಅಕ್ಕನಿಗೆ ಹೊಲಿಗೆ ಕಲಿಯುವ ಆಸೆಯೇನಾದರೂ ಇದೆಯೇ ಎಂದು ಕೇಳಿದ. ಆಸೆಯಿದ್ದರೆ ಮೆಷಿನ್ ತರಬಹುದು, ಮೆಷಿನ್ ಎಂದ ಮೇಲೆ ಎಂದಾದರೂ ಕೆಡದೆ ಇರುವುದಿಲ್ಲ.

ಅಕ್ಕ ತಟ್ಟೆಯಿಂದ ತಲೆ ಎತ್ತಿದಳು. "ಐವತ್ತೊಂಬತ್ತನೇ ವಯಸ್ಸಿಗೆ ಏನು ಹೊಲೀಲಿ? ನಿನ್ನ ಬಾಯಿನಾ? ಅದು ಹೊಲಿದೇ ಇದೆಯಲ್ಲ."

ಮೂರನೇ ಸಲ ಹೋದವಳು ಹದಿನಾಲ್ಕು ತಿಂಗಳ ಮೇಲೆ, ಒಂದು ಗುರುವಾರ ಬೆಳಗ್ಗೆ ಬಂದಳು. ಗಾಡಿಗೆ ಏನೂ ಆಗಿರಲಿಲ್ಲ. ಬೆಂಚಿನ ಮೇಲೆ ಕೂತು, ಬಟ್ಟೆಯಂಗಡಿಯ ಕವರಿನಿಂದ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು ತೆಗೆದಳು.

"ಸೋಮವಾರ ಊರು ಬಿಡ್ತಾ ಇದ್ದೀನಿ. ನಮ್ಮಕ್ಕನ ಮಗಳು ಬಟ್ಟೆ ಹೊಲಿಯೋ ಶೆಡ್ಡು ಹಾಕಿದ್ದಾಳೆ, ಮೂವತ್ತು ಮೆಷಿನ್ನು. ನೋಡ್ಕೊಳ್ಳೋಕೆ ನೀನೇ ಬಾ ಚಿಕ್ಕಮ್ಮ ಅಂತ ಹಟ. ಬಸ್ಸಲ್ಲಿ ಐದು ಗಂಟೆ ದಾರಿ. ಅಲ್ಲಿ ಗಾಡಿ ಕೆಟ್ರೆ ನಿಮ್ಮಂಥವರು ಯಾರೂ ಇಲ್ಲ, ಎಲ್ಲರೂ ಆಸಿಡ್ಡಿನವರೇ. ಅದಕ್ಕೆ, ಹೆಂಗೆ ತೊಳೆಯೋದು ಅಂತ ಒಂದು ಸಲ ಹೇಳಿಕೊಡಿ. ಬರ್ಕೋತೀನಿ."

ಸೋಡಣ್ಣ ಕಾರ್ಬ್ಯುರೇಟರ್ ಬಿಚ್ಚಿದ. ಬಿಚ್ಚುತ್ತಾ ಹೇಳಿದ, ಆಕೆ ಬರೆದಳು. ರಬ್ಬರ್ ಉಂಗುರಗಳನ್ನು ಮೊದಲು ತೆಗೆದಿಡಬೇಕು, ಸೀಮೆಎಣ್ಣೆಗೆ ಅವು ಉಬ್ಬುತ್ತವೆ. ಗಾಳಿಯ ಸ್ಕ್ರೂ ತೆಗೆಯುವ ಮೊದಲು ಅದನ್ನು ಒಳಕ್ಕೆ ಎಷ್ಟು ಸುತ್ತು ತಿರುಗಿಸಿದರೆ ನಿಲ್ಲುತ್ತದೆ ಎಂದು ಎಣಿಸಿ ಬರೆದುಕೊಳ್ಳಬೇಕು, ವಾಪಸು ಅಷ್ಟೇ ಸುತ್ತಿಗೆ ಕೂರಿಸಬೇಕು. ಹಿತ್ತಾಳೆ ಬೇರೆ. ನಿಂಬೆ ನೀರು ಹತ್ತು ನಿಮಿಷ, ಹಳೆ ಹಲ್ಲುಜ್ಜುವ ಬ್ರಷ್ಷು, ತಂತಿ ಬ್ರಷ್ಷು ಮುಟ್ಟಲೇಬಾರದು. ಇಷ್ಟು ಹೊತ್ತು ಒಂದೇ ಸಮ ಅವನು ಮಾತಾಡಿದ್ದನ್ನು ಅಕ್ಕ ಕೇಳಿದ್ದರೆ ರೆಕಾರ್ಡ್ ಮಾಡಿ ಇಟ್ಟುಕೊಳ್ಳುತ್ತಿದ್ದಳು.

"ಆಮೇಲೆ?" ಎಂದಳು ಆಕೆ, ಪೆನ್ಸಿಲ್ ಎತ್ತಿಕೊಂಡು.

ಸೋಡಣ್ಣ ಮೂರನೇ ಬೋಗುಣಿಯನ್ನು ನೋಡಿದ.

"ಆಮೇಲೆ ಬಿಸಿನೀರಲ್ಲಿ ತೊಳೆದು ಒಣಗಿಸೋದು. ಅಷ್ಟೇ."

ಪೆನ್ಸಿಲು ಒಂದು ಕ್ಷಣ ನಿಂತಿತು. ಆಮೇಲೆ ಬರೆಯಿತು. ಆಕೆ ಪುಸ್ತಕ ಮುಚ್ಚಿ, ಶನಿವಾರ ಬರುತ್ತೇನೆಂದು ಎದ್ದಳು. ಆಕೆ ತಿರುವು ದಾಟಿದ್ದೇ ತಡ, ಸೋಡಣ್ಣ ಕಾರ್ಬ್ಯುರೇಟರನ್ನು ಸೋಡಾ ನೀರಿನಲ್ಲಿ ಮುಳುಗಿಸಿ, ಬುಸುಗುಟ್ಟುವುದನ್ನು ನೋಡುತ್ತಾ ಕೂತ. ಗಾಡಿಗೆ ಅವನು ಮೋಸ ಮಾಡಲಿಲ್ಲ. ಪುಸ್ತಕಕ್ಕೆ ಮಾತ್ರ ಮಾಡಿದ. ಒಂದೂವರೆ ವರ್ಷದ ಮೇಲೆ ಆಕೆ ತಾನೇ ತೊಳೆದಾಗ ಹುಳಿ ಒಳಗೇ ಉಳಿಯುತ್ತದೆ, ಗಾಡಿ ಕೆಡುತ್ತದೆ, ಏನೋ ತಪ್ಪಾಯಿತು ಎಂದುಕೊಂಡು ಬರುತ್ತಾಳೆ. ಐದು ಗಂಟೆಯ ದಾರಿಯಾದರೂ ಬರುತ್ತಾಳೆ. ಓಣಿಯ ಹದಿನಾರು ಬಾಯಿ ಬೆಳಗಿನಿಂದ ಸಂಜೆಯವರೆಗೆ ಯಾವ ಗುಟ್ಟನ್ನು ಅವನ ಹೆಸರು ಮಾಡಿ ಕೂಗುತ್ತವೋ ಅದೇ ಗುಟ್ಟನ್ನು ಬಚ್ಚಿಟ್ಟೆನೆಂದು ಆ ಬುದ್ಧಿವಂತ ನಂಬಿದ.

ಶನಿವಾರ ಗಾಡಿ ಜೋಡಿಸಿಕೊಟ್ಟ. ಎಂಜಿನ್ನು ಬೆಕ್ಕಿನ ಮರಿ ನಿದ್ದೆ ಹೋದ ಹಾಗೆ ಮೆಲ್ಲಗೆ ಗುರುಗುಟ್ಟಿತು. ಆಕೆ ಏನೋ ಹೇಳುವವಳಂತೆ ನಿಂತಳು. ಅವನು ಏನೋ ಹುಡುಕುವವನಂತೆ ಬಗ್ಗಿದ. "ಬರ್ತೀನಿ ಸೋಡಾ ಅವರೇ" ಎಂದಳು. ಅವನು ತಲೆ ಎತ್ತುವಷ್ಟರಲ್ಲಿ ಗಾಡಿ ತಿರುವಿನಲ್ಲಿತ್ತು.

ಭಾನುವಾರ ಊಟ ತಟ್ಟೆಯಲ್ಲೇ ಉಳಿಯಿತು. ಅವನು ಅಲ್ಲಿಯವರೆಗೆ ಒಂದು ವಿಷಯ ಯೋಚಿಸಿರಲಿಲ್ಲ. ಬಿಳಿ ಪುಡಿ ಕಟ್ಟುವುದೆಂದರೆ ಒಳಗೆ ಲೋಹವೇ ಕರಗುತ್ತಿದೆ ಎಂದು ಅರ್ಥ. ಪುಡಿ ತೊಳೆದು ತೆಗೆಯಬಹುದು, ಅದು ಕೊರೆದು ಹೋದ ಗುಳಿಗಳನ್ನು ತುಂಬಲು ಯಾರಿಂದಲೂ ಆಗದು. ಆಕೆ ಶ್ರದ್ಧೆಯಿಂದ ಪುಸ್ತಕ ನೋಡಿಕೊಂಡು, ಸಾಲು ಸಾಲಾಗಿ, ತನ್ನ ಕೈಯಿಂದಲೇ ತನ್ನ ಗಾಡಿಯನ್ನು ಹುಳಿಗೆ ತಿನ್ನಿಸುತ್ತಾಳೆ. ತಪ್ಪು ತನ್ನದೆಂದು ನಂಬುತ್ತಾಳೆ. ಅಕ್ಕ ತಟ್ಟೆ ಎದುರು ಕೂತು ಒಂದೊಂದೇ ಪ್ರಶ್ನೆ ಹಾಕಿ, ಮಧ್ಯಾಹ್ನ ಮೂರರ ಹೊತ್ತಿಗೆ ಎಲ್ಲವನ್ನೂ ಹೊರಗೆ ತೆಗೆದಳು.

"ಅಂತೂ ಐವತ್ತು ವರ್ಷಕ್ಕೆ ಒಂದು ಸುಳ್ಳು ಹೇಳಿದೆ, ಅದೂ ಅಡುಗೆ ಸೋಡಾದ ವಿಷಯಕ್ಕೆ" ಎಂದಳು. ಆಮೇಲೆ ಅವಳ ದನಿ ಬದಲಾಯಿತು. "ನಾಳೆ ಬೆಳಗ್ಗೆ ಹೋಗಿ ಹೇಳಿ ಬಾ. ಇಲ್ಲದಿದ್ರೆ ನೀನು ಒಳಗೊಳಗೇ ಪುಡಿಯಾಗ್ತೀಯ."

ಆಕೆಯ ಮನೆ ಕೀಲಿಕೈ ಮಾಡುವವನ ಅಂಗಡಿಯ ಮೇಲೆ. ಸೋಮವಾರ ಬೆಳಗ್ಗೆ ಏಳಕ್ಕೆ ಸೋಡಣ್ಣ ಹೋದಾಗ ಕೆಳಗೆ ಒಂದು ಟೆಂಪೋ ನಿಂತಿತ್ತು. ಹಳೆ ಕಂಬಳಿಯಲ್ಲಿ ಸುತ್ತಿದ ಮೆಷಿನ್ ತಲೆಗಳನ್ನು ಒಂದೊಂದಾಗಿ ಒಳಗೆ ಇಟ್ಟಾಗಿತ್ತು. ಆಕೆ ಮೋಟರ್ ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆಗೆ ಬೆಲ್ಟು ಬಿಗಿಯುತ್ತಿದ್ದಳು.

"ಒಂದು ಹೇಳೋದು ಬಿಟ್ಟಿದ್ದೆ" ಎಂದ ಸೋಡಣ್ಣ, ಇನ್ನೂ ನಾಲ್ಕು ಹೆಜ್ಜೆ ದೂರ ಇರುವಾಗಲೇ. ಹತ್ತಿರ ಹೋದರೆ ಬಾಯಿ ಬರುವುದಿಲ್ಲವೆಂದು ಗೊತ್ತಿತ್ತು. "ನಿಂಬೆ ನೀರಾದ ಮೇಲೆ ಸೋಡಾ ನೀರು. ಒಂದು ಲೋಟಕ್ಕೆ ಒಂದು ಚಮಚ. ಗುಳ್ಳೆ ನಿಲ್ಲೋ ತನಕ. ಅದು ಇಲ್ಲದಿದ್ರೆ ಲೋಹ ತಿಂದು ಹೋಗುತ್ತೆ. ಬರ್ಕೊಳ್ಳಿ."

ಆಕೆ ಬೆಲ್ಟು ಬಿಡಲಿಲ್ಲ. "ಬರ್ಕೊಂಡಿದ್ದೀನಿ. ಮೊದಲನೇ ಸಲ ಬಂದಾಗ ಒಂದೂವರೆ ಗಂಟೆ ಕೂತು ಏನು ನೋಡಿದೆ ಅಂದ್ಕೊಂಡ್ರಿ? ಊರೆಲ್ಲ ನಿಮ್ಮನ್ನ ಏನಂತ ಕರೆಯುತ್ತೆ ಅಂತ ನಂಗೆ ಗೊತ್ತಿಲ್ವಾ?"

ಸೋಡಣ್ಣ ಟೆಂಪೋದ ಚಕ್ರ ನೋಡಿದ. ಟೈರು ಸವೆದಿತ್ತು.

"ಯಾಕೆ ಹೇಳಲಿಲ್ಲ ಅಂತ ನಾಲ್ಕು ದಿವಸದಿಂದ ಯೋಚನೆ ಮಾಡ್ತಾ ಇದ್ದೀನಿ" ಎಂದಳು.

"ಮರೆತೆ."

"ನೀವು ಮರೆಯೋ ಪೈಕಿ ಅಲ್ಲ."

ಮೇಲಿನ ಕಿಟಕಿಯಿಂದ ಟೆಂಪೋದವನು ಇನ್ನೇನಾದರೂ ಇದೆಯಾ ಎಂದು ಕೂಗಿ ಕೇಳಿದ. ಆಕೆ ಏನೂ ಇಲ್ಲ ಎಂದಳು.

"ಹೇಳಿದ್ರೆ ನೀವು ಮತ್ತೆ ಬರಲ್ಲ ಅಂತ" ಎಂದ ಸೋಡಣ್ಣ. ಮಾತು ಚಕ್ರಕ್ಕೇ ಹೇಳಿದಂತಿತ್ತು.

ಆಕೆ ಬೆಲ್ಟನ್ನು ಇನ್ನೊಂದು ತೂತು ಬಿಗಿದಳು. ಪೆಟ್ಟಿಗೆ ಅಲುಗಾಡುತ್ತದೆಯೇ ಎಂದು ನೋಡಿದಳು. ಅದು ಅಲುಗಾಡುತ್ತಿರಲಿಲ್ಲ, ಆದರೂ ಮತ್ತೊಮ್ಮೆ ನೋಡಿದಳು.

"ಬರೋದಕ್ಕೆ ಗಾಡಿ ಕೆಡಲೇಬೇಕಾ?" ಎಂದಳು.

ಒಂದು ಒದೆತಕ್ಕೇ ಎಂಜಿನ್ನು ಶುರುವಾಯಿತು. ಅಷ್ಟು ಚೆನ್ನಾಗಿ ತೊಳೆದಿದ್ದ ಅವನು. ಹತ್ತು ಒದೆತ ಬೇಕಾಗಿದ್ದರೆ ಅಷ್ಟರಲ್ಲಿ ಅವನ ಬಾಯಿಗೆ ಏನಾದರೂ ಬರುತ್ತಿತ್ತೋ ಏನೋ.

ಮನೆಗೆ ಬಂದು ನಡೆದದ್ದನ್ನು ಒಪ್ಪಿಸಿದ. ಅಕ್ಕ ಮೊದಲು ಅವನ ಮುಖ ನೋಡಿದಳು, ಆಮೇಲೆ ತಾರಸಿ ನೋಡಿದಳು.

"ಅವಳು ಹಂಗೆ ಕೇಳಿದ್ದಕ್ಕೆ ನೀನು ಏನಂದೆ?"

"ಏನೂ ಅನ್ನಲಿಲ್ಲ. ಅದು ಪ್ರಶ್ನೆ ಅಂತ ನಂಗೆ ಗೊತ್ತಾಗಲಿಲ್ಲ."

"ದೇವರೇ, ಮೂವತ್ತು ವರ್ಷ ಕನೆಕ್ಷನ್ ಕೊಟ್ಟೆ, ಇಂಥ ರಾಂಗ್ ನಂಬರ್ ನೋಡಲಿಲ್ಲ" ಎಂದು ಅಕ್ಕ ಒಳಗೆ ಹೋದಳು.

ಉತ್ತರ ಅವನಿಗೆ ಹೊಳೆದದ್ದು ಬುಧವಾರ. ಎಲ್ಲ ಕೆಲಸಕ್ಕೂ ಎರಡು ದಿನ ಬೇಕಲ್ಲ. "ಬೇಡ" ಎನ್ನುವ ಎರಡಕ್ಷರ, ಬೇರೇನೂ ಅಲ್ಲ. ಆ ಎರಡಕ್ಷರವನ್ನು ಹೇಳಲು ಎದುರಿಗೆ ಯಾರೂ ಇರಲಿಲ್ಲ. ಬೋಗುಣಿಯ ಮುಂದೆ ಕೂತು ತುಟಿ ಅಲ್ಲಾಡಿಸುತ್ತಿದ್ದವನನ್ನು ನೋಡಿ ಟೈರ್ ಅಂಗಡಿಯವನು, ಇವನು ಈಚೆಗೆ ಕಾರ್ಬ್ಯುರೇಟರಿಗೆ ಮಂತ್ರ ಹೇಳುತ್ತಿದ್ದಾನೆ ಎಂದು ಓಣಿಗೆಲ್ಲ ಸಾರಿದ. ತಿರುವಿನಲ್ಲಿ ಸದ್ದಾದರೆ ಈಗಲೂ ಕೈ ನಿಲ್ಲುತ್ತಿತ್ತು. ಐದು ಗಂಟೆಯ ಆಚೆ ಇರುವ ಎಂಜಿನ್ನು ಇಲ್ಲಿ ಕೇಳಿಸುವುದಿಲ್ಲ ಎಂದು ಕಿವಿಗೆ ಯಾರು ಹೇಳಬೇಕು? ಕಿವಿಗೆ ವ್ಯಾಪಾರ ತಿಳಿಯದು.

ಒಂದು ಭಾನುವಾರ ಬಸ್ ನಿಲ್ದಾಣಕ್ಕೆ ಹೋಗಿ ಸಮಯ ಕೇಳಿಕೊಂಡು ಬಂದ. ಮುಂದಿನ ಭಾನುವಾರ ಸಮಯ ಬದಲಾಗಿರಬಹುದೆಂದು ಮತ್ತೆ ಹೋಗಿ ಕೇಳಿದ. ಬದಲಾಗಿರಲಿಲ್ಲ. ಮೂರನೆಯ ಭಾನುವಾರ ವಿಚಾರಣೆಯ ಕಿಟಕಿಯವನೇ ಅವನನ್ನು ನೋಡಿ, "ಆರೂ ಇಪ್ಪತ್ತು, ಒಂಬತ್ತು, ಹನ್ನೊಂದೂವರೆ. ಹತ್ತೋದು ಯಾವಾಗ ಸ್ವಾಮಿ?" ಎಂದು ಕೇಳಿದ.

ನಾಲ್ಕನೆಯ ಭಾನುವಾರ ಅಕ್ಕ ಇಸ್ತ್ರಿ ಮಾಡಿದ ಅಂಗಿಯನ್ನು ಕುರ್ಚಿಯ ಮೇಲೆ ಇಟ್ಟು, ಏನೂ ಹೇಳದೆ ಹಿತ್ತಲಿಗೆ ಹೋದಳು. ಅವಳು ಏನೂ ಹೇಳದೆ ಹೋದದ್ದು ಅವನಿಗೆ ನೆನಪಿರುವಂತೆ ಅದೇ ಮೊದಲು.

ಒಂಬತ್ತರ ಬಸ್ಸು. ಕಿಟಕಿಯ ಪಕ್ಕದ ಸೀಟು. ಊರು ಮುಗಿದು ಬಯಲು ಶುರುವಾದಾಗ ಪಕ್ಕದಲ್ಲಿ ಕೂತಿದ್ದ ಕೊಡೆ ಮಾರುವವರು ಮಾತಿಗೆಳೆದರು. ಎಲ್ಲಿಗೆ ಎಂದರು, ಹೇಳಿದ. ನೆಂಟರೇ ಎಂದರು, ಅಲ್ಲ ಎಂದ. ಅಷ್ಟು ದೂರ ಹೋಗುವವನ ಕೈಯಲ್ಲಿ ಚೀಲವಿಲ್ಲ, ತಲೆಯ ಮೇಲಿನ ಹಲಗೆಯಲ್ಲೂ ಏನೂ ಇಲ್ಲ ಎನ್ನುವುದನ್ನು ಅವರ ಕಣ್ಣು ಗಮನಿಸಿತ್ತು.

"ಮತ್ತೆ ಏನು ಕೆಲಸದ ಮೇಲೆ?"

ಸೋಡಣ್ಣ ಯೋಚಿಸಿದ. ಮೂರು ಮೈಲಿಕಲ್ಲು ಹಿಂದೆ ಸರಿದವು. ಕೇಳಿದ್ದನ್ನು ಕೇಳಿದವರೇ ಮರೆತು, ಬಿಸಿಲು ಮುಖಕ್ಕೆ ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡಿದ್ದರು.

"ಕೆಲಸ ಏನೂ ಇಲ್ಲ" ಎಂದ.